ಹಕ್ಕಿಗಳ ಮಲೇರಿಯಾ: ಕಲ್ಕತ್ತೆಯ ಗುಬ್ಬಚ್ಚಿಯಿಂದ ಹವಾಯಿಯ ಕಾಡಿಗೆ



ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ ಎಂದರೆ ನಿಮ್ಮಲ್ಲಿ ಕೆಲವರು ನಂಬಲಿಕ್ಕಿಲ್ಲ. ಮಲೇರಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಂಬಳಿ ಹೊದ್ದು ನಡುಗುವ ಮನುಷ್ಯ, ಕಹಿ ಮಾತ್ರೆ, ಬೆರಳು ಚುಚ್ಚಿ ಗಾಜಿನ ತಟ್ಟೆಗೆ ರಕ್ತ ಒರೆಸಿಕೊಳ್ಳುವ ಆರೋಗ್ಯ ಕಾರ್ಯಕರ್ತ. ಆದರೆ ಗುಬ್ಬಚ್ಚಿಗೂ ಮಲೇರಿಯಾ ಬರುತ್ತದೆ. ಕೋಳಿಗೆ ಬರುತ್ತದೆ. ಮೃಗಾಲಯದಲ್ಲಿ ಸಾಕಿದ ಪೆಂಗ್ವಿನ್‌ಗೂ ಬರುತ್ತದೆ. ಅದಕ್ಕೆ ಕಾರಣವಾದ ಜೀವಿ ನಮ್ಮ ಮಲೇರಿಯಾ ಜೀವಿಯ ದಾಯಾದಿ. ಮನೆತನದ ಹೆಸರು ಒಂದೇ, ಪ್ಲಾಸ್ಮೋಡಿಯಂ; ಪ್ರಭೇದ ಮಾತ್ರ ಬೇರೆ. ಹಕ್ಕಿಯ ಮಲೇರಿಯಾ ನಮಗೆ ತಗಲುವುದಿಲ್ಲ, ನಮ್ಮದು ಹಕ್ಕಿಗೆ ತಗಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಯಾರಾದರೂ ಈ ಮಾತು ಕೇಳಿ ಮನೆಯ ಸೂರಿನಲ್ಲಿರುವ ಗುಬ್ಬಚ್ಚಿಯ ಗೂಡನ್ನು ಕಿತ್ತು ಹಾಕಿಯಾರು!

ಕಾಡುಹಕ್ಕಿಗಳಿಗೆ ಬರುವ ಸಾಂಕ್ರಾಮಿಕ ರೋಗಗಳು ಹಲವು. ಅವುಗಳ ಪಟ್ಟಿ ಓದುವುದರಿಂದ ನಿಮಗೂ ಸುಖವಿಲ್ಲ, ನನಗೂ ಇಲ್ಲ. ಒಂದೇ ರೋಗವನ್ನು ಹಿಡಿದು ಅದು ಹೋದ ಕಡೆ ನಾವೂ ಹೋಗೋಣ. ಈ ದಾರಿ ಮುಗಿಯುವುದು ಪೆಸಿಫಿಕ್ ಸಾಗರದ ನಡುವೆ. ಆದರೆ ಆರಂಭ ಇಲ್ಲಿಯೇ, ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವಕ ಸೇನಾ ವೈದ್ಯನಾಗಿ ಬೆಂಗಳೂರಿಗೆ ಬಂದ. ಅವನಿಗೆ ಸಿಕ್ಕಿದ ಬಂಗಲೆ ಚೆನ್ನಾಗಿತ್ತು, ಆದರೆ ವಿಪರೀತ ಸೊಳ್ಳೆ. ಹುಡುಕಿ ನೋಡಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ. ಸೊಳ್ಳೆಯ ಕಾಟ ತಗ್ಗಿತು. ಸೈನ್ಯದ ಭೋಜನಶಾಲೆಯಲ್ಲೂ ಹೀಗೆ ಮಾಡಬಹುದಲ್ಲ ಎಂದು ಅವನು ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನೂ ಏನೋ ಒಂದು ಉದ್ದೇಶಕ್ಕಾಗಿ ಸೃಷ್ಟಿಸಲಾಗಿದೆ, ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದು ಎಂಬುದು ಆತನ ವಾದ. ರಾಸ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಅಧಿಕಾರಿಯ ವಾದವನ್ನು ನೆನಪಿನಲ್ಲಿಡಿ. ನೂರ ನಲವತ್ತು ವರ್ಷಗಳ ಆಚೆ ಅದು ಇನ್ನೊಮ್ಮೆ ಎದುರಾಗುತ್ತದೆ.

ಮುಂದಿನ ಕಥೆಯ ಒಂದು ಭಾಗ ನಿಮಗೆ ಪಠ್ಯಪುಸ್ತಕದಿಂದ ಗೊತ್ತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್ ಮಲೇರಿಯಾ ಜೀವಿಯನ್ನು ಕಂಡ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ನೊಬೆಲ್ ಬಹುಮಾನಕ್ಕೆ ಹಾರುತ್ತವೆ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ. ಏಕೆಂದರೆ ಹೊಟ್ಟೆಯಲ್ಲಿ ಕಂಡದ್ದು ಅರ್ಧ ಉತ್ತರ ಮಾತ್ರ. ಸೊಳ್ಳೆಯ ಹೊಟ್ಟೆಗೆ ಹೋದ ಜೀವಿ ಮತ್ತೊಬ್ಬನ ಮೈಗೆ ಬರುವುದು ಹೇಗೆ? ಸತ್ತ ಸೊಳ್ಳೆ ಬಿದ್ದ ನೀರು ಕುಡಿಯುವುದರಿಂದಲೋ? ಕಚ್ಚುವುದರಿಂದಲೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮನುಷ್ಯನಲ್ಲಲ್ಲ, ಗುಬ್ಬಚ್ಚಿಯಲ್ಲಿ.

1898ರಲ್ಲಿ ರಾಸ್ ಕಲ್ಕತ್ತೆಗೆ ಹೋದ. ಅಲ್ಲಿ ಮಲೇರಿಯಾ ರೋಗಿಗಳು ಸಾಕಷ್ಟು ಸಿಗಲಿಲ್ಲ. ಪ್ಲೇಗಿನ ಕಾಲ ಬೇರೆ. ಸರಕಾರಿ ವೈದ್ಯರು ಬೆರಳು ಚುಚ್ಚುತ್ತೇವೆಂದರೆ ಜನ ಹೆದರಿ ಓಡುತ್ತಿದ್ದರು. ಆಗ ಅವನು ಹಕ್ಕಿಗಳ ಕಡೆ ತಿರುಗಿದ. ಹಕ್ಕಿಗಳ ರಕ್ತದಲ್ಲಿ ಮಲೇರಿಯಾವನ್ನು ಹೋಲುವ ಜೀವಿಗಳಿವೆ ಎಂಬುದು 1880ರ ದಶಕದಲ್ಲೇ ರಷ್ಯಾ ಸಾಮ್ರಾಜ್ಯದ ಖಾರ್ಕಿವ್‌ನಲ್ಲಿ ಡಾನಿಲೆವ್‌ಸ್ಕಿ ಎಂಬ ವಿಜ್ಞಾನಿಯಿಂದ ತಿಳಿದಿತ್ತು. ಮಹಮ್ಮದ್ ಬಕ್ಷ್ ಎಂಬ ಸಹಾಯಕನನ್ನು ಕಟ್ಟಿಕೊಂಡು ರಾಸ್ ಗುಬ್ಬಚ್ಚಿಗಳನ್ನು ಸೊಳ್ಳೆಪರದೆಯೊಳಗೆ ಇರಿಸಿ, ಬೂದುಬಣ್ಣದ ಸೊಳ್ಳೆಗಳಿಂದ ಕಚ್ಚಿಸಿ, ಒಂದೊಂದು ಸೊಳ್ಳೆಯನ್ನೂ ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡುತ್ತ ಹೋದ. ಕಲ್ಕತ್ತೆಯ ಬೇಸಿಗೆ. ಆ ವರ್ಷದ ಜುಲೈ ತಿಂಗಳಲ್ಲಿ ಉತ್ತರ ಸಿಕ್ಕಿತು. ಹೊಟ್ಟೆಯ ಗೋಡೆಯ ಗಂಟುಗಳು ಒಡೆದಾಗ ಹೊರಬೀಳುವ ದಾರದಂಥ ಸಣ್ಣ ಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಬಂದು ಸೇರಿದ್ದವು. ಅಂಥ ಸೊಳ್ಳೆಗಳನ್ನು ಆರೋಗ್ಯವಾಗಿದ್ದ ಗುಬ್ಬಚ್ಚಿಗಳ ಮೇಲೆ ಬಿಟ್ಟಾಗ ಅವುಗಳ ರಕ್ತದಲ್ಲೂ ಪರೋಪಜೀವಿ ಕಾಣಿಸಿಕೊಂಡಿತು. ವೃತ್ತ ಪೂರ್ತಿಯಾಯಿತು. ಮನುಷ್ಯನ ಮಲೇರಿಯಾದಲ್ಲೂ ಇದೇ ದಾರಿ ಎಂಬುದನ್ನು ಅದೇ ವರ್ಷದ ಕೊನೆಗೆ ಇಟಲಿಯಲ್ಲಿ ಗ್ರಾಸ್ಸಿ ಮತ್ತವನ ಸಂಗಡಿಗರು ತೋರಿಸಿಕೊಟ್ಟರು. ನೊಬೆಲ್ ಬಂದದ್ದು ರಾಸ್‌ಗೆ, 1902ರಲ್ಲಿ.

ಆ ಬೂದು ಸೊಳ್ಳೆಯ ಇಂದಿನ ಹೆಸರು ಕ್ಯೂಲೆಕ್ಸ್ ಕ್ವಿಂಕಿಫೇಸಿಯೇಟಸ್. ಹೆಸರು ಅಪರಿಚಿತವೆನಿಸಿದರೂ ಸೊಳ್ಳೆ ಅಪರಿಚಿತವಲ್ಲ. ನಮ್ಮೂರಿನ ಚರಂಡಿ, ಕಕ್ಕಸು ಗುಂಡಿ, ಕೊಳೆನೀರಿನ ಮಡುಗಳಲ್ಲಿ ಹುಟ್ಟಿ ರಾತ್ರಿ ಕಿವಿಯ ಬಳಿ ಗುಂಯ್‌ಗುಡುವುದು ಇದೇ. ಆನೆಕಾಲು ರೋಗ ಹರಡುವುದೂ ಇದೇ. ಇದು ಮನುಷ್ಯನ ಮಲೇರಿಯಾ ಹರಡಲಾರದು, ಅದಕ್ಕೆ ಅನಾಫಿಲಿಸ್ ಬೇಕು. ಹಕ್ಕಿಯ ಮಲೇರಿಯಾಕ್ಕೆ ಇದು ಹೇಳಿ ಮಾಡಿಸಿದ ವಾಹನ.

ಹಕ್ಕಿಯ ಮೈತುಂಬ ಗರಿಯಿರುವಾಗ ಸೊಳ್ಳೆ ಕಚ್ಚುವುದೆಲ್ಲಿ ಎಂದು ನೀವು ಕೇಳಬಹುದು. ಕಣ್ಣಿನ ಸುತ್ತ, ಕೊಕ್ಕಿನ ಬುಡ, ಕಾಲು. ಇಷ್ಟು ಬರಿಮೈ ಸಾಕು. ಜೊಲ್ಲಿನೊಡನೆ ಒಳಹೊಕ್ಕ ಪರೋಪಜೀವಿಗಳು ಮೊದಲು ಚರ್ಮದ ಮತ್ತು ಒಳಗಿನ ಅಂಗಗಳ ಕೋಶಗಳಲ್ಲಿ ಮರೆಯಾಗಿ ವೃದ್ಧಿಸುತ್ತವೆ. ಮನುಷ್ಯನಲ್ಲಿ ಈ ಹಂತ ನಡೆಯುವುದು ಪಿತ್ತಜನಕಾಂಗದಲ್ಲಿ. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿಬಿಡಬೇಡಿ. ಆಮೇಲೆ ಅವು ಕೆಂಪು ರಕ್ತಕಣಗಳಿಗೆ ನುಗ್ಗುತ್ತವೆ. ನಮ್ಮ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹಕ್ಕಿಯದರಲ್ಲಿ ಇದೆ. ಬೆಳೆದ ಪರೋಪಜೀವಿ ಆ ನ್ಯೂಕ್ಲಿಯಸ್ಸನ್ನು ಮೂಲೆಗೆ ಒತ್ತರಿಸಿ ತಾನು ಜಾಗ ಮಾಡಿಕೊಳ್ಳುತ್ತದೆ. ಕಣಗಳು ಒಡೆಯುತ್ತವೆ, ರಕ್ತ ತೆಳುವಾಗುತ್ತದೆ. ಹಕ್ಕಿ ಗರಿ ಉಬ್ಬಿಸಿಕೊಂಡು ಮುದುರಿ ಕೂರುತ್ತದೆ, ಮೇವು ಬಿಡುತ್ತದೆ, ತೂಕ ಕಳೆದುಕೊಳ್ಳುತ್ತದೆ. ಈ ಗಂಡಾಂತರ ದಾಟಿದರೆ ಬದುಕುತ್ತದೆ. ಆದರೆ ಪರೋಪಜೀವಿ ಸಂಪೂರ್ಣ ಹೋಗುವುದಿಲ್ಲ. ಬದುಕಿದ ಹಕ್ಕಿಯ ಮೈಯಲ್ಲಿ ಜೀವನಪೂರ್ತಿ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ, ಕಚ್ಚಿದ ಸೊಳ್ಳೆಗೆ ದಾಟುತ್ತಿರುತ್ತದೆ.

ಗುಬ್ಬಚ್ಚಿಯಂಥ ಹಕ್ಕಿಗಳು ಸಾಮಾನ್ಯವಾಗಿ ಈ ಗಂಡಾಂತರ ದಾಟುತ್ತವೆ. ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡುಗಳ ಹಕ್ಕಿಗಳ ರಕ್ತದಲ್ಲೂ ಸಂಶೋಧಕರು ಈ ಬಳಗದ ಪರೋಪಜೀವಿಗಳನ್ನು ಗುರುತಿಸಿದ್ದಾರೆ. ಆದರೂ ಕಾಡು ಹಕ್ಕಿಯಿಲ್ಲದೆ ಬರಿದಾಗಿಲ್ಲ. ಏಕೆ? ಇಲ್ಲಿ ಹಕ್ಕಿ, ಸೊಳ್ಳೆ, ಪರೋಪಜೀವಿ ಮೂರೂ ಲೆಕ್ಕವಿಲ್ಲದಷ್ಟು ತಲೆಮಾರುಗಳಿಂದ ಒಟ್ಟಿಗೆ ಬಾಳಿವೆ. ತಾಳಲಾರದ ಹಕ್ಕಿಗಳು ಎಂದೋ ಸತ್ತುಹೋದವು, ತಾಳಿದವುಗಳ ಸಂತತಿ ಉಳಿಯಿತು. ರೋಗವೆಂಬುದು ರೋಗಾಣುವಿನ ಗುಣ ಮಾತ್ರವಲ್ಲ; ಎರಡು ಜೀವಿಗಳ ನಡುವಿನ ಹಳೆಯ ಪರಿಚಯದ ಪ್ರಶ್ನೆಯೂ ಹೌದು. ಪರಿಚಯವೇ ಇಲ್ಲದ ಕಡೆ ಇದೇ ರೋಗಾಣು ಇಳಿದರೆ ಏನಾಗುತ್ತದೆ? ಅದನ್ನು ನೋಡಲು ನಾವೀಗ ಹವಾಯಿಗೆ ಹೋಗಬೇಕು.

ಹವಾಯಿ ಜ್ವಾಲಾಮುಖಿಗಳಿಂದ ಎದ್ದ ದ್ವೀಪಗಳ ಸಾಲು. ಅತ್ಯಂತ ಹತ್ತಿರದ ಖಂಡವೆಂದರೆ ಸುಮಾರು 3,800 ಕಿಲೋಮೀಟರು ದೂರದ ಉತ್ತರ ಅಮೆರಿಕ. ಹಲವು ದಶಲಕ್ಷ ವರ್ಷಗಳ ಹಿಂದೆ ಏಷ್ಯಾದ ರೋಸ್‌ಫಿಂಚ್ ಬಳಗದ ಹಕ್ಕಿಗಳ ಒಂದು ಗುಂಪು ಹೇಗೋ ಈ ದ್ವೀಪಗಳನ್ನು ಸೇರಿತು. ಅದರಿಂದ ಐವತ್ತಕ್ಕೂ ಹೆಚ್ಚು ಪ್ರಭೇದಗಳು ಕವಲೊಡೆದವು. ಇವಕ್ಕೆ ಹನಿಕ್ರೀಪರ್‌ಗಳೆಂದು ಹೆಸರು. ಡಾರ್ವಿನ್ನನ ಫಿಂಚ್‌ಗಳ ಚಿತ್ರವನ್ನು ನೀವು ಬರೆದು ಅಂಕ ಪಡೆದಿದ್ದೀರಲ್ಲ, ಅವುಗಳಿಗಿಂತ ಇವುಗಳ ಕೊಕ್ಕಿನ ವೈವಿಧ್ಯ ಹೆಚ್ಚು. ಗಿಣಿಯ ಕೊಕ್ಕಿನಂಥದು, ಇಕ್ಕಳದಂಥದು, ಕುಡುಗೋಲಿನಂಥದು. ಇವುಗಳಲ್ಲೊಂದು ಇಈವಿ. ಕಡುಕೆಂಪು ಮೈ, ಕಪ್ಪು ರೆಕ್ಕೆ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು; ನಮ್ಮ ಸೂರಕ್ಕಿಯಂತೆ ಹೂವಿನ ಮಧು ಹೀರುತ್ತದೆ. ಅದಕ್ಕೆ ಪ್ರಿಯವಾದ ಓಹಿಯಾ ಮರ ನಮ್ಮ ನೇರಳೆಯ ಕುಟುಂಬಕ್ಕೇ ಸೇರಿದ್ದು. ಹಿಂದೆ ಹವಾಯಿಯ ಅರಸು ಮನೆತನದವರು ಹೊದೆಯುತ್ತಿದ್ದ ಕೆಂಪು ಮೇಲುಹೊದಿಕೆಗಳನ್ನು ಈ ಹಕ್ಕಿಯ ಗರಿಗಳಿಂದ ಮಾಡುತ್ತಿದ್ದರು.

ಇಷ್ಟೆಲ್ಲ ಇದ್ದ ದ್ವೀಪಗಳಲ್ಲಿ ಇಲ್ಲದಿದ್ದದ್ದು ಒಂದು: ಸೊಳ್ಳೆ. ಒಂದೇ ಒಂದು ಜಾತಿಯ ಸೊಳ್ಳೆಯೂ ಅಲ್ಲಿರಲಿಲ್ಲ.

1826ರಲ್ಲಿ ವೆಲ್ಲಿಂಗ್ಟನ್ ಎಂಬ ಹಡಗು ಮೆಕ್ಸಿಕೋದ ಸಾನ್ ಬ್ಲಾಸ್‌ನಲ್ಲಿ ನೀರು ತುಂಬಿಕೊಂಡು ಹವಾಯಿಯ ಮೌಯಿ ದ್ವೀಪದ ಲಹೈನಾ ಬಂದರಿಗೆ ಬಂತು. ನಾವಿಕರು ಪೀಪಾಯಿಗಳಲ್ಲಿ ಉಳಿದ ಹಳೆಯ ನೀರನ್ನು ಅಲ್ಲಿಯ ಹೊಳೆಗೆ ಚೆಲ್ಲಿ ಹೊಸ ನೀರು ತುಂಬಿಕೊಂಡರು. ಹಳೆಯ ನೀರಿನಲ್ಲಿ ಸೊಳ್ಳೆಮರಿಗಳಿದ್ದವು. ಕಿವಿಯ ಬಳಿ ಹಾಡುವ ಹೊಸದೊಂದು ನೊಣ ಬಂದಿದೆಯೆಂದು ಊರಿನವರು ಪಾದ್ರಿಗಳ ಬಳಿ ದೂರಿಕೊಂಡರಂತೆ. ಬಂದದ್ದು ಯಾವ ಸೊಳ್ಳೆ ಗೊತ್ತೇ? ರಾಸ್ ಮುಂದೆ ಕಲ್ಕತ್ತೆಯಲ್ಲಿ ಸೂಜಿಯಿಂದ ಬಿಡಿಸಿ ನೋಡಿದ ಅದೇ ಬೂದು ಸೊಳ್ಳೆ.

ಸೊಳ್ಳೆ ಬಂದ ಮಾತ್ರಕ್ಕೆ ರೋಗ ಬಂದಂತಾಗಲಿಲ್ಲ. ವಾಹನ ಬಂತು, ಪ್ರಯಾಣಿಕ ಇನ್ನೂ ಬಂದಿರಲಿಲ್ಲ. ಹೊರಗಿನಿಂದ ಹಕ್ಕಿಗಳನ್ನು ತರುವ ಕೆಲಸ ಆಮೇಲೆ ಆರಂಭವಾಯಿತು. 1865ರಲ್ಲಿ ಕಂಬಳಿಹುಳುಗಳ ಹಾವಳಿ ತಡೆಯಲೆಂದು ಭಾರತದಿಂದ ಗೊರವಂಕವನ್ನು ಕೊಂಡೊಯ್ದರು; ನಮ್ಮ ಅಂಗಳದ ಮೈನಾ ಈಗ ಅಲ್ಲಿಯೂ ಅಂಗಳದ ಹಕ್ಕಿಯೇ. ಕೋಳಿ, ಪಾರಿವಾಳ, ಪಂಜರದ ಹಕ್ಕಿಗಳು ಬಂದವು. ಹಕ್ಕಿಗಳ ಸಿಡುಬು ಎಂಬ ವೈರಸ್ ರೋಗವೂ ಬಂತು. ಅದನ್ನೂ ಸೊಳ್ಳೆ ಹರಡುತ್ತದೆ. ಪಕ್ಷಿತಜ್ಞ ಹೆನ್ರಿ ಹೆನ್‌ಶಾ 1902ರಲ್ಲಿಯೇ, ಕಾಡಿನಲ್ಲಿ ಸತ್ತ ಹಕ್ಕಿಗಳು ಪದೇಪದೇ ಕಾಣಸಿಗುತ್ತಿವೆ ಎಂದು ಬರೆದ. ತಗ್ಗು ಪ್ರದೇಶದ ತೋಟಗಳಲ್ಲಿ ಮೊದಲಿನ ಇಂಚರ ಕೇಳದಾದಾಗ ಅಲ್ಲಿಯ ಜನ ಏನು ಮಾಡಿದರು ಗೊತ್ತೇ? 1930ರಲ್ಲಿ ಹೂಯಿ ಮನು ಎಂಬ ಸಂಘ ಕಟ್ಟಿ, ಹಾಡುವ ಹಕ್ಕಿಗಳನ್ನು ಹೊರದೇಶಗಳಿಂದ ತರಿಸಿ ಬಿಟ್ಟರು. ಅವರ ಉದ್ದೇಶ ಒಳ್ಳೆಯದೇ. ಆದರೆ ಮಲೇರಿಯಾವನ್ನು ತಾಳಿಕೊಂಡು ಮೈಯಲ್ಲಿ ಇಟ್ಟುಕೊಳ್ಳಬಲ್ಲ ಹಕ್ಕಿಗಳ ಸಂಖ್ಯೆ ಇದರಿಂದ ಬೆಳೆಯಿತು. 1940ರ ದಶಕದ ಹೊತ್ತಿಗೆ ಹವಾಯಿಯ ಕಾಡುಹಕ್ಕಿಗಳ ರಕ್ತದಲ್ಲಿ ಪ್ಲಾಸ್ಮೋಡಿಯಂ ರೆಲಿಕ್ಟಮ್ ಪತ್ತೆಯಾಗಿತ್ತು.

ಹಕ್ಕಿಗಳು ಕಡಿಮೆಯಾಗಲು ರೋಗವೊಂದೇ ಕಾರಣವಲ್ಲ, ಅದನ್ನು ಹೇಳದಿದ್ದರೆ ತಪ್ಪಾದೀತು. ಕಾಡು ಕಡಿದು ಕಬ್ಬು ಬೆಳೆದರು, ದನ ಮೇಯಿಸಿದರು, ಇಲಿ ಗೂಡಿಗೆ ಹತ್ತಿತು, ಬೆಕ್ಕು ಬೇಟೆಯಾಡಿತು. ಆದರೆ ಒಂದು ಒಗಟು ಉಳಿಯುತ್ತಿತ್ತು. ಒಳ್ಳೆಯ ಕಾಡು ಉಳಿದಿದ್ದ ತಗ್ಗಿನ ಜಾಗಗಳಲ್ಲೂ ಸ್ಥಳೀಯ ಹಕ್ಕಿಗಳಿರಲಿಲ್ಲ. ಬೆಟ್ಟ ಹತ್ತಿದರೆ ಇದ್ದವು.

ಈ ಒಗಟನ್ನು ಬಿಡಿಸಲು ಹೊರಟವನು ರಿಚರ್ಡ್ ವಾರ್ನರ್. ಅವನ ಪ್ರಯೋಗ ಎಷ್ಟು ಸರಳವೆಂದರೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇಡಬಹುದಾದಂಥದು. ಸೊಳ್ಳೆಯೇ ಇಲ್ಲದ ಲೇಸಾನ್ ಎಂಬ ದೂರದ ದ್ವೀಪದಿಂದ ಫಿಂಚ್ ಹಕ್ಕಿಗಳನ್ನು ತಂದ. ಕೆಲವನ್ನು ಸೊಳ್ಳೆ ನುಸುಳದಂಥ ಬಟ್ಟೆ ಹೊದಿಸಿದ ಪಂಜರದಲ್ಲಿಟ್ಟ, ಕೆಲವನ್ನು ಹೊದಿಕೆಯಿಲ್ಲದ ಪಂಜರದಲ್ಲಿಟ್ಟ. ಹೊದಿಕೆಯೊಳಗಿನವು ಉಳಿದವು, ಹೊರಗಿನವು ಮಲೇರಿಯಾದಿಂದಲೂ ಸಿಡುಬಿನಿಂದಲೂ ಸತ್ತವು. 1968ರಲ್ಲಿ ಅವನ ಪ್ರಬಂಧ ಪ್ರಕಟವಾಯಿತು. 1986ರಲ್ಲಿ ವಾನ್ ರೈಪರ್ ಮತ್ತು ಸಂಗಡಿಗರು ಮೌನಾ ಲೋವಾ ಬೆಟ್ಟದ ಇಳಿಜಾರಿನುದ್ದಕ್ಕೂ ಸೊಳ್ಳೆಗಳನ್ನೂ ಹಕ್ಕಿಗಳನ್ನೂ ಹಕ್ಕಿಗಳ ರಕ್ತವನ್ನೂ ಪರೀಕ್ಷಿಸಿ ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಕೆಳಗೆ ಸೊಳ್ಳೆ ಹೇರಳ, ಸ್ಥಳೀಯ ಹಕ್ಕಿ ವಿರಳ. ಮೇಲೆ ಹಕ್ಕಿ ಹೇರಳ, ಸೊಳ್ಳೆ ವಿರಳ. ನಡುವಿನ ಪಟ್ಟಿಯಲ್ಲಿ ಎರಡೂ ಕೂಡುತ್ತವೆ. ರೋಗ ಜೋರಾಗಿರುವುದು ಅಲ್ಲಿ.

1995ರಲ್ಲಿ ಕಾರ್ಟರ್ ಆಟ್ಕಿನ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಸೋಂಕುಳ್ಳ ಒಂದೇ ಒಂದು ಸೊಳ್ಳೆ ಒಮ್ಮೆ ಕಚ್ಚಿದ ಇಈವಿಗಳಲ್ಲಿ ನೂರಕ್ಕೆ 90ರಷ್ಟು ಸತ್ತವು. ಹೆಚ್ಚು ಸೊಳ್ಳೆಗಳು ಕಚ್ಚಿದವು ಎಲ್ಲವೂ ಸತ್ತವು. ಕಲ್ಕತ್ತೆಯ ಗುಬ್ಬಚ್ಚಿಗೆ ಜ್ವರವಾದದ್ದು ಇಈವಿಗೆ ಮರಣ!

ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಈ ವಿಷಯ ಒಂದು ತೊಡಕನ್ನೂ ತಂದಿಡುತ್ತದೆ. ಪ್ರವಾಹವನ್ನು ತೋರಿಸಬಹುದು, ಕಾಡ್ಗಿಚ್ಚನ್ನು ತೋರಿಸಬಹುದು. ಹಕ್ಕಿಗಳ ಮಲೇರಿಯಾವನ್ನು ತೋರಿಸುವುದು ಹೇಗೆ? ಹತ್ತಿಪ್ಪತ್ತು ಗ್ರಾಂ ತೂಕದ ಹಕ್ಕಿ ಜರಿಗಿಡಗಳ ನಡುವೆ ಬಿದ್ದು ಸತ್ತರೆ ಇರುವೆಯೋ ಇಲಿಯೋ ಮುಗಿಸಿಬಿಡುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಹಸಿರಾದ, ಸುಂದರವಾದ, ನಿಶ್ಶಬ್ದವಾದ ಕಾಡು. ಚಿತ್ರ ಇಲ್ಲದ ಕಡೆ ಧ್ವನಿಯಾದರೂ ಇದೆ. ಹವಾಯಿಯ ಕವಾಯಿ ದ್ವೀಪದಲ್ಲಿ ಓಓ ಎಂಬ ಕಪ್ಪು ಹಕ್ಕಿಯಿತ್ತು. ಅದರ ಕೊಳಲಿನಂಥ ಕೂಗನ್ನು ಧ್ವನಿಮುದ್ರಿಸಿಟ್ಟಿದ್ದಾರೆ. 1987ರ ನಂತರ ಆ ಕೂಗನ್ನು ಕಾಡಿನಲ್ಲಿ ಯಾರೂ ಕೇಳಿಲ್ಲ. ಕೊನೆಯ ಗಂಡುಹಕ್ಕಿ ಬಾರದ ಹೆಣ್ಣನ್ನು ಕರೆಯುತ್ತಿದೆ ಎಂದು ಆ ಮುದ್ರಣಕ್ಕೆ ಕಥೆ ಕಟ್ಟುವವರಿದ್ದಾರೆ. ಹಕ್ಕಿಯ ಮನಸ್ಸನ್ನು ನಾನು ಬಲ್ಲೆನೆಂದು ಹೇಳಲಾರೆ. ಆದರೆ ಕೂಗಿನ ನಡುವೆ ಒಂದೊಂದು ಬಿಡುವಿದೆ, ಆ ಬಿಡುವಿನಲ್ಲಿ ಇನ್ನೊಂದು ಓಓ ದನಿಗೂಡಿಸುವುದಿಲ್ಲ ಎಂಬುದಂತೂ ಕೇಳಿದವರಿಗೆ ಗೊತ್ತಾಗುತ್ತದೆ. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರಕಾರ ಅಳಿದುಹೋದವೆಂದು ತನ್ನ ರಕ್ಷಿತ ಜೀವಿಗಳ ಪಟ್ಟಿಯಿಂದ ತೆಗೆದ 21 ಪ್ರಭೇದಗಳಲ್ಲಿ 8 ಹವಾಯಿಯ ಕಾಡುಹಕ್ಕಿಗಳು. ಓಓ ಅವುಗಳಲ್ಲಿ ಒಂದು.

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಸೊಳ್ಳೆಯ ಮೈಯೊಳಗೆ ಪರೋಪಜೀವಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಬೇಕಾದರೆ ಬೆಚ್ಚಗಿನ ವಾತಾವರಣ ಬೇಕು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ನಿಂತುಹೋಗುತ್ತದೆ. ಹವಾಯಿಯ ಕರಾವಳಿಯ ಸರಾಸರಿ ಉಷ್ಣತೆ ಸುಮಾರು 24 ಡಿಗ್ರಿ ಎಂದಿಟ್ಟುಕೊಳ್ಳಿ. ಎತ್ತರ ಹೆಚ್ಚಿದಂತೆ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 24ರಿಂದ 13ಕ್ಕೆ ಇಳಿಯಲು ಎಷ್ಟು ಎತ್ತರ ಹತ್ತಬೇಕು? ಸುಮಾರು 1,700 ಮೀಟರು. ಇದು ಸ್ಥೂಲ ಲೆಕ್ಕ. ಮಳೆ, ಗಾಳಿ, ಋತುಗಳನ್ನು ಇದರಲ್ಲಿ ಸೇರಿಸಿಲ್ಲ. ಆದರೂ 1,500 ಮೀಟರಿಗಿಂತ ಮೇಲಿನ ಕಾಡೇ ಹಕ್ಕಿಗಳ ಆಸರೆ ಎಂದು ಅಲ್ಲಿ ಕಂಡುಕೊಂಡದ್ದಕ್ಕೆ ಇದು ದೂರವಿಲ್ಲ. ಬೆಟ್ಟದ ಮೇಲೆ ಕಣ್ಣಿಗೆ ಕಾಣದ ಒಂದು ಗೆರೆ ಎಳೆದಂತೆ. ಗೆರೆಯ ಮೇಲೆ ಜೀವ, ಕೆಳಗೆ ಸಾವು.

ಆದರೆ ಇಈವಿ ಗೆರೆ ನೋಡಿ ಹಾರುವ ಹಕ್ಕಿಯಲ್ಲ. ಹೂವು ಎಲ್ಲಿ ಅರಳಿದೆಯೋ ಅಲ್ಲಿಗೆ ಅದರ ಹಾರಾಟ. ಓಹಿಯಾ ಕೆಳಗೆ ಅರಳಿದರೆ ಕೆಳಗೆ ಇಳಿಯುತ್ತದೆ. ಇನ್ನೊಂದು ಕಡೆ, ಸೊಳ್ಳೆಯ ನೆರವಿಗೆ ಕಾಡುಹಂದಿ ನಿಂತಿದೆ. ಮನುಷ್ಯ ತಂದು ಬಿಟ್ಟ ಹಂದಿಗಳ ಸಂತತಿ ಅಲ್ಲಿಯ ಮರಜರಿಗಿಡಗಳನ್ನು ಕೆಡವಿ ಕಾಂಡದ ಮೃದುವಾದ ತಿರುಳನ್ನು ತಿನ್ನುತ್ತದೆ. ಉಳಿದ ದೋಣಿಯಂಥ ಪೊಟರೆಯಲ್ಲಿ ಮಳೆನೀರು ನಿಲ್ಲುತ್ತದೆ. ಜ್ವಾಲಾಮುಖಿಯ ಸಡಿಲ ನೆಲದಲ್ಲಿ ನೀರು ನಿಲ್ಲದ ಕಾಡಿಗೂ ಹೀಗೆ ಸೊಳ್ಳೆಯ ತೊಟ್ಟಿಲು ಬಂತು. ಬೆಂಗಳೂರಿನ ಬಂಗಲೆಯ ತೊಟ್ಟಿಯನ್ನು ಬೋರಲು ಹಾಕಬಹುದಿತ್ತು. ಬೆಟ್ಟದ ತುಂಬ ಇರುವ ಪೊಟರೆಗಳನ್ನು ಬೋರಲು ಹಾಕುವುದು ಹೇಗೆ?

ಲೆಕ್ಕವನ್ನು ಮುಂದುವರಿಸಿ. ಭೂಮಿ ಒಂದು ಡಿಗ್ರಿ ಬಿಸಿಯಾದರೆ ಗೆರೆ ಎಷ್ಟು ಮೇಲೇರುತ್ತದೆ? ಸುಮಾರು 150 ಮೀಟರು. ಈ ಬಗೆಯ ಎಣಿಕೆಯನ್ನು ವಿಜ್ಞಾನಿಗಳು 2002ರಲ್ಲಿಯೇ ವಿವರವಾಗಿ ಮಾಡಿ ಎಚ್ಚರಿಸಿದ್ದರು. ಮೌನಾ ಲೋವಾ 4,169 ಮೀಟರು ಎತ್ತರದ ಬೆಟ್ಟ. ಹಕ್ಕಿಗಳು ಮೇಲೆ ಹೋಗಬಹುದಲ್ಲ ಎನ್ನಬಹುದು. ಮೇಲೆ ಎಲ್ಲ ಕಡೆ ಕಾಡಿಲ್ಲ. ಹಲವೆಡೆ ದನದ ಹುಲ್ಲುಗಾವಲು, ಅದರಾಚೆ ಬೋಳು ಲಾವಾ. 1985ರಲ್ಲಿ ಸ್ಥಾಪನೆಯಾದ ಹಕಲಾವ್ ವನ್ಯಧಾಮದಲ್ಲಿ ಹಳೆಯ ಹುಲ್ಲುಗಾವಲಿನಲ್ಲಿ ಸಸಿ ನೆಟ್ಟು ಕಾಡನ್ನು ಮೇಲಕ್ಕೆ ಬೆಳೆಸುತ್ತಿದ್ದಾರೆ. ಆದರೆ ಕವಾಯಿ ದ್ವೀಪದ ಅತಿ ಎತ್ತರದ ಶಿಖರವೇ 1,598 ಮೀಟರು. ಅಲ್ಲಿ ಮೇಲೆ ಹೋಗಲು ಬೆಟ್ಟವೇ ಇಲ್ಲ. ಅಲ್ಲಿನ ಅಲಕಾಯಿ ಪ್ರಸ್ಥಭೂಮಿಯ ಹಕ್ಕಿಗಳಲ್ಲಿ ಸೋಂಕಿನ ಪ್ರಮಾಣ 1990ರ ದಶಕಕ್ಕೂ 2013ಕ್ಕೂ ನಡುವೆ ಎರಡು ಪಟ್ಟಿಗೂ ಹೆಚ್ಚಾಯಿತು. ಅಕಿಕಿಕಿ ಎಂಬ ಪುಟ್ಟ ಬೂದು ಹಕ್ಕಿ 2012ರ ಸುಮಾರಿಗೆ ನಾಲ್ಕೈದು ನೂರರಷ್ಟಿತ್ತು. 2023ರಲ್ಲಿ ಕಾಡಿನಲ್ಲಿ ಉಳಿದಿದ್ದವು ಐದು.

ಮೌಯಿ ದ್ವೀಪದ ಕಿವಿಕಿಯು ಎಂಬ ಗಿಣಿಕೊಕ್ಕಿನ ಹಕ್ಕಿಗೆ ಎರಡನೆಯ ನೆಲೆ ಕಲ್ಪಿಸಲು 2019ರ ಅಕ್ಟೋಬರಿನಲ್ಲಿ ಕೆಲವನ್ನು ಬೆಟ್ಟದ ಇನ್ನೊಂದು ಮಗ್ಗುಲಿಗೆ ಸಾಗಿಸಿದರು. ವರ್ಷಗಟ್ಟಲೆ ಗಿಡ ನೆಟ್ಟು ಸಿದ್ಧಪಡಿಸಿದ ಕಾಡು ಅದು. ಕೆಲವೇ ವಾರಗಳಲ್ಲಿ ಬಹುಪಾಲು ಹಕ್ಕಿಗಳು ಸತ್ತವು. ಕಾರಣ ಮಲೇರಿಯಾ.

ಪರಿಚಯ ಬೆಳೆದರೆ ತಾಳಿಕೆ ಬರುತ್ತದೆ ಎಂದೆನಲ್ಲ, ಹವಾಯಿಯಲ್ಲಿ ಅದು ಆಗಿಯೇ ಇಲ್ಲವೇ? ಒಂದು ಹಕ್ಕಿಯಲ್ಲಿ ಆಗಿದೆ. ಅಮಕಿಹಿ ಎಂಬ ಹಳದಿ-ಹಸಿರು ಹಕ್ಕಿ ದೊಡ್ಡ ದ್ವೀಪದ ತಗ್ಗಿನ ಕಾಡುಗಳಲ್ಲಿ ಸೊಳ್ಳೆಗಳ ನಡುವೆಯೇ ಸಂಸಾರ ಹೂಡಿ ಮರಿಮಾಡುತ್ತಿದೆ ಎಂದು 2005ರ ಒಂದು ಅಧ್ಯಯನ ತೋರಿಸಿತು. ಅವುಗಳಲ್ಲಿ ಬಹಳಷ್ಟಕ್ಕೆ ಸೋಂಕಿದೆ, ಆದರೆ ಸಾಯುತ್ತಿಲ್ಲ. ನೈಸರ್ಗಿಕ ಆಯ್ಕೆ ನಮ್ಮ ಕಾಲದಲ್ಲೇ ಕೆಲಸ ಮಾಡಿದ್ದಕ್ಕೆ ಇದು ಉದಾಹರಣೆ. ಆದರೆ ಆಯ್ಕೆ ನಡೆಯಲು ಆಯ್ದುಕೊಳ್ಳುವಷ್ಟು ಹಕ್ಕಿಗಳಿರಬೇಕು. ಅಮಕಿಹಿ ಸಾವಿರಾರು ಇದ್ದವು. ಐದು ಅಕಿಕಿಕಿಗಳಲ್ಲಿ ನಿಸರ್ಗ ಏನನ್ನು ಆಯ್ದೀತು?

ಹಾಗಾಗಿ ಉಳಿದದ್ದು ಸೊಳ್ಳೆಯನ್ನೇ ಕಡಿಮೆ ಮಾಡುವ ದಾರಿ. ಕಾಡಿಗೆ ವಿಷ ಸಿಂಪಡಿಸಿದರೆ ಬೇರೆ ಕೀಟಗಳೂ ಸಾಯುತ್ತವೆ, ಅವನ್ನೇ ನಂಬಿದ ಹಕ್ಕಿಯೂ ಉಪವಾಸ ಬೀಳುತ್ತದೆ. ಅದಕ್ಕಾಗಿ ಒಂದು ಜಾಣ ಉಪಾಯ ಹೂಡಿದ್ದಾರೆ. ಸೊಳ್ಳೆಗಳ ದೇಹಕೋಶದೊಳಗೆ ವೋಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಗಂಡಿನಲ್ಲಿ ಒಂದು ಬಗೆ, ಹೆಣ್ಣಿನಲ್ಲಿ ಇನ್ನೊಂದು ಬಗೆ ಇದ್ದರೆ ಅವು ಕೂಡಿದರೂ ಮೊಟ್ಟೆ ಒಡೆದು ಮರಿ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಬೇರೆ ಬಗೆಯ ವೋಲ್‌ಬಾಕಿಯಾ ಇರುವ ಗಂಡು ಸೊಳ್ಳೆಗಳನ್ನು ಬೆಳೆಸಿ ಕಾಡಿಗೆ ಬಿಡುವುದು. ಗಂಡು ಸೊಳ್ಳೆ ಕಚ್ಚುವುದಿಲ್ಲ, ಅದಕ್ಕೆ ಸಸ್ಯರಸವೇ ಆಹಾರ. ಈ ತತ್ತ್ವ ಹೊಸದಲ್ಲ. 1967ರಲ್ಲಿ ನಮ್ಮ ನೆರೆಯ ಬರ್ಮಾದ ರಂಗೂನಿನ ಬಳಿ ಓಕ್‌ಪೋ ಎಂಬ ಹಳ್ಳಿಯಲ್ಲಿ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಇದೇ ಸೊಳ್ಳೆಯ ಮೇಲೆ ಇದನ್ನು ಮಾಡಿ ತೋರಿಸಿದ್ದ. ಅಲ್ಲಿ ಗುರಿ ಆನೆಕಾಲು ರೋಗವಾಗಿತ್ತು.

ಮೌಯಿ ದ್ವೀಪದ ಕಾಡಿನಲ್ಲಿ ಇಂಥ ಸೊಳ್ಳೆಗಳ ಬಿಡುಗಡೆ 2023ರ ನವೆಂಬರಿನಲ್ಲಿ ಹೆಲಿಕಾಪ್ಟರಿನಿಂದ ಆರಂಭವಾಯಿತು. ಕವಾಯಿಯಲ್ಲಿ 2024ರಲ್ಲಿ. 2025ರಲ್ಲಿ ಡ್ರೋನ್‌ಗಳನ್ನೂ ಬಳಸತೊಡಗಿದರು. ಒಮ್ಮೆ ಬಿಟ್ಟರೆ ಮುಗಿಯುವ ಕೆಲಸವಲ್ಲ. ವಾರವಾರವೂ ಲಕ್ಷಗಟ್ಟಲೆ ಬಿಡುತ್ತಿರಬೇಕು, ನಿಲ್ಲಿಸಿದರೆ ಕೆಳಗಿನ ಸೊಳ್ಳೆಗಳು ಮತ್ತೆ ಮೇಲೇರುತ್ತವೆ. ವಿರೋಧವೂ ಬಂತು, ನ್ಯಾಯಾಲಯದವರೆಗೂ ಹೋಯಿತು. ಪ್ರಕೃತಿಯ ವ್ಯವಸ್ಥೆಯಲ್ಲಿ ಕೈಹಾಕಬಹುದೇ ಎಂಬ ಮಾತು ಮತ್ತೆ ಬಂತು. ನೆನಪಿದೆಯಲ್ಲ, 1883ರ ಆ ಅಧಿಕಾರಿಯ ವಾದ? ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಹವಾಯಿಯ ಮಟ್ಟಿಗೆ ಸೊಳ್ಳೆ ಪ್ರಕೃತಿಯ ವ್ಯವಸ್ಥೆಯ ಭಾಗವೇ ಅಲ್ಲ. ಅದು ಪೀಪಾಯಿಯಲ್ಲಿ ಬಂದದ್ದು. ಅಲ್ಲಿಯ ಯಾವ ಹೂವೂ ಯಾವ ಹಕ್ಕಿಯೂ ಅದಕ್ಕಾಗಿ ಕಾದಿರಲಿಲ್ಲ. ಕಾಡಿನಲ್ಲಿ ಕೈಹಾಕಿದ್ದು ಹಡಗಿನವರು. ಈಗ ನಡೆಯುತ್ತಿರುವುದು ಆ ಕೈಯನ್ನು ಹಿಂತೆಗೆಯುವ ಪ್ರಯತ್ನ ಎಂದೇ ನನ್ನ ಅನಿಸಿಕೆ.

ಅಕಿಕಿಕಿಯ ಮಾತು ಅರ್ಧಕ್ಕೆ ನಿಂತಿತ್ತು. 2015ರಿಂದ ಸಂಶೋಧಕರು ಕವಾಯಿಯ ಕಾಡಿನ ತೆಳುವಾದ ಮರಗಳ ತುದಿಗೆ ಏಣಿಯಿಟ್ಟು, ಗೂಡುಗಳಿಂದ ಮೊಟ್ಟೆ ಇಳಿಸಿ ತಂದು, ಕಾವು ಕೊಟ್ಟು ಮರಿಮಾಡಿಸಿದ್ದಾರೆ. ಆ ಹಕ್ಕಿಗಳಿರುವುದು ಮೌಯಿ ಮತ್ತು ಹವಾಯಿ ದ್ವೀಪಗಳ ಎರಡು ಸಂರಕ್ಷಣಾ ಕೇಂದ್ರಗಳಲ್ಲಿ. 2023ರ ಆಗಸ್ಟಿನಲ್ಲಿ ಮೌಯಿಯಲ್ಲಿ ಕಾಡ್ಗಿಚ್ಚು ಎದ್ದಾಗ ಬೆಂಕಿ ಅಲ್ಲಿಯ ಕೇಂದ್ರದ ಬೇಲಿಯ ಹತ್ತಿರಕ್ಕೇ ಬಂತು. ಸಿಬ್ಬಂದಿ ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ನಂದಿಸಿದರು. ಆ ಹಕ್ಕಿಗಳು ಮೊಟ್ಟೆಯಿಡುತ್ತವೆ, ಮರಿ ಸಾಕುತ್ತವೆ, ಬಲೆಯ ಒಳಗೆ. ಬಾಗಿಲು ತೆರೆದು ಬಿಡಲು ಕಾಡು ಇದೆ. ಹೂವೂ ಹುಳವೂ ಇವೆ. ಬೆಟ್ಟದ ಮೇಲಿನ ಆ ಗೆರೆ ಕೆಳಗಿಳಿಯುವುದನ್ನು ಅಲ್ಲಿಯವರು ಕಾಯುತ್ತಿದ್ದಾರೆ.